ಮೊದಲ ಸ್ಥಾನದ ಖರ್ಚು ಯಾರ ಖಾತೆಗೆ?



ಈ ದತ್ತಿ ಉಪನ್ಯಾಸಕ್ಕೆ ಸಂಘಟಕರು ನನಗೆ ಕೊಟ್ಟ ವಿಷಯ 'ನಿತ್ಯದ ತೀರ್ಮಾನಗಳಲ್ಲಿ ದೇವರಿಗೆ ಮೊದಲ ಸ್ಥಾನ'. ಹಾಗೆಂದ ಕೂಡಲೇ ನಿಮಗೆಲ್ಲ ಪರ್ವತ ಪ್ರಸಂಗ ನೆನಪಿಗೆ ಬಂದಿರುತ್ತದೆ. ಊಟ ಬಟ್ಟೆಯ ಚಿಂತೆಗಿಂತ ಮುಂಚೆ ದೇವರ ರಾಜ್ಯವನ್ನು ಹುಡುಕಬೇಕೆಂದು ಯೇಸು ಹೇಳಿದ್ದನ್ನು ಸಂಡೇ ಸ್ಕೂಲಿನ ಗೋಡೆಯಿಂದ ಹಿಡಿದು ಮನೆಯ ಕ್ಯಾಲೆಂಡರಿನ ತನಕ ಎಲ್ಲ ಕಡೆ ನೋಡಿಕೊಂಡೇ ನಾವು ಬೆಳೆದದ್ದು. ಆ ವಾಕ್ಯದ ಮೇಲೆ ಪ್ರಸಂಗ ಮಾಡುವ ಯೋಗ್ಯತೆ ನನಗಿಲ್ಲ. ನಾನು ದೇವಶಾಸ್ತ್ರ ಓದಿದವನಲ್ಲ, ಲೆಕ್ಕ ತಪಾಸಣೆ ಮಾಡಿ ಬದುಕಿದವನು. ನಮ್ಮ ಕಸುಬಿನವರಿಗೆ ಒಂದು ಕೆಟ್ಟ ಚಾಳಿ ಇದೆ. ಯಾರಾದರೂ ಒಂದು ದೊಡ್ಡ ನಿರ್ಧಾರದ ಬಗ್ಗೆ ಹೇಳಿದರೆ, ಅದರ ಖರ್ಚು ಯಾರ ಖಾತೆಗೆ ಬಿತ್ತು ಎಂದು ಹುಡುಕಲು ಹೊರಡುತ್ತೇವೆ. ಇವತ್ತು ಅದೇ ಚಾಳಿಯನ್ನು ಈ ವಿಷಯಕ್ಕೂ ಹಚ್ಚುತ್ತಿದ್ದೇನೆ. ಅದು ಅಗೌರವವೆಂದು ನೀವು ತಿಳಿಯಲಾರಿರಿ, ಯಾಕೆಂದರೆ ಈ ಪ್ರಶ್ನೆಯನ್ನು ಮೊದಲು ಕೇಳಿದವರು ಯೇಸುವೇ.

ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯ ತೆಗೆಯಿರಿ. ಒಬ್ಬ ಮಗನಿದ್ದಾನೆ. ಮುದಿ ತಂದೆತಾಯಿಗಳಿಗೆ ಅವನ ನೆರವು ಬೇಕು. ಅವನೋ, ನಿಮಗೆ ಕೊಡಬಹುದಾಗಿದ್ದದ್ದು ಕೊರ್ಬಾನ್ ಆಗಿದೆ, ದೇವರಿಗೆ ಮುಡಿಪಾಗಿದೆ ಎಂದು ಹೇಳಿಬಿಡುತ್ತಾನೆ. ಧರ್ಮ ಬಲ್ಲವರು ಅದನ್ನು ಒಪ್ಪುತ್ತಾರೆ. ಕಾಗದದ ಮೇಲೆ ಎಲ್ಲವೂ ಸರಿ: ದೇವರು ಮೊದಲು, ಅಪ್ಪ ಅಮ್ಮ ಆಮೇಲೆ. ಇದಕ್ಕೆ ಯೇಸು ಕೋಪಗೊಳ್ಳುತ್ತಾರೆ. ತಂದೆತಾಯಿಗಳನ್ನು ಗೌರವಿಸಬೇಕೆಂಬ ಆಜ್ಞೆಯೂ ದೇವರದ್ದೇ ಅಲ್ಲವೇ, ದೇವರ ಹೆಸರಿನಲ್ಲೇ ದೇವರ ಮಾತನ್ನು ಅಳಿಸಿಬಿಟ್ಟಿರಲ್ಲ ಎನ್ನುತ್ತಾರೆ. ದೇವರಿಗೆ ಮೊದಲ ಸ್ಥಾನ ಕೊಟ್ಟೆನೆಂದು ಹೇಳಿಕೊಂಡವನ ಲೆಕ್ಕವನ್ನು ದೇವಕುಮಾರನೇ ತಪಾಸಣೆ ಮಾಡಿ ತಿರಸ್ಕರಿಸಿದ ಸಂದರ್ಭ ಇದು. ನಮ್ಮ ಪ್ರಸಂಗಗಳಲ್ಲಿ ಪರ್ವತ ಪ್ರಸಂಗದಷ್ಟು ಸಲ ಈ ಅಧ್ಯಾಯ ಬರುವುದಿಲ್ಲ. ಕಾರಣ ನಿಮಗೂ ಗೊತ್ತು.

ಇದರ ಬೆಳಕಿನಲ್ಲಿ ಮೊದಲು ಎಲ್ಲರಿಗೂ ಗೊತ್ತಿರುವ ಒಂದು ಕಥೆಯನ್ನು ನೋಡಿ ಮುಂದೆ ಹೋಗೋಣ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡ್ಡೆಲ್ 100 ಮೀಟರ್ ಓಟ ಬಿಟ್ಟರು. ಪ್ರಾಥಮಿಕ ಸುತ್ತು ಭಾನುವಾರ ಬಿದ್ದಿತ್ತು, ದೇವರ ದಿನ ಓಡಲು ಅವರು ಒಪ್ಪಲಿಲ್ಲ. ಅವರ ಕಥೆ ಹೇಳುವ 1981ರ ಸಿನಿಮಾದಲ್ಲಿ ಅವರಿಗೆ ಹಡಗು ಹತ್ತುವಾಗ ಈ ಸುದ್ದಿ ತಿಳಿಯುತ್ತದೆ. ನಿಜದಲ್ಲಿ ತಿಂಗಳುಗಳ ಮೊದಲೇ ಗೊತ್ತಿತ್ತು, ಅವರು 400 ಮೀಟರಿಗೆ ತಯಾರಾಗಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಸಂಡೇ ಸ್ಕೂಲಿನಲ್ಲಿ ಕಥೆ ಚಿನ್ನದ ಪದಕಕ್ಕೆ ನಿಲ್ಲುತ್ತದೆ. ನನಗೆ ಹೆಚ್ಚು ಮುಖ್ಯವಾದದ್ದು ಅದರ ಮುಂದಿನದು. ಮಿಷನರಿಯಾಗಿ ಚೀನಾಕ್ಕೆ ಹೋದ ಲಿಡ್ಡೆಲ್ 1943ರಿಂದ ಜಪಾನೀಯರ ವೈಷಿಯನ್ ಬಂದಿಶಿಬಿರದಲ್ಲಿದ್ದರು, 1945ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡರು. ಶಿಬಿರದ ಮಕ್ಕಳು ಭಾನುವಾರ ಹಾಕಿ ಆಡುವಾಗ, ನೋಡಿಕೊಳ್ಳುವವರಿಲ್ಲದೆ ಹೊಡೆದಾಟವಾಯಿತು. ಮುಂದಿನ ಭಾನುವಾರ ಲಿಡ್ಡೆಲ್ ತಾವೇ ರೆಫರಿಯಾಗಿ ಮೈದಾನಕ್ಕೆ ಇಳಿದರೆಂದು ಅಲ್ಲಿ ಜೊತೆಗಿದ್ದವರು ನೆನಪಿಸಿಕೊಂಡಿದ್ದಾರೆ. ಪ್ಯಾರಿಸ್ಸಿನಲ್ಲಿ ಭಾನುವಾರವನ್ನು ಬಿಡದೆ ಹಿಡಿದವರು ಬಂದಿಶಿಬಿರದಲ್ಲಿ ಸಡಿಲ ಬಿಟ್ಟದ್ದು ಯಾಕೆ? ಪ್ಯಾರಿಸ್ಸಿನಲ್ಲಿ ಖರ್ಚು ಅವರದೇ ಪದಕ. ಶಿಬಿರದಲ್ಲಿ ಅವರ ನಿಷ್ಠೆಯ ಖರ್ಚು ಮಕ್ಕಳ ಮೇಲೆ ಬೀಳುತ್ತಿತ್ತು. ಎರಡೂ ಕಡೆ ದೇವರೇ ಮೊದಲಿದ್ದರು ಎಂದು ನನ್ನ ನಂಬಿಕೆ.

ಪದಕದ ಪ್ರಶ್ನೆ ನಮಗ್ಯಾರಿಗೂ ಬರುವುದಿಲ್ಲ ಬಿಡಿ. ನಮ್ಮದೆಲ್ಲ ಅಂಗಡಿ, ಅಡುಗೆಮನೆ, ಕಚೇರಿಯ ತೀರ್ಮಾನಗಳು. ಆದ್ದರಿಂದ ಒಬ್ಬ ಅಂಗಡಿಕಾರನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಜಾನ್ ವುಲ್ಮನ್ 1720ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದ, ಕ್ವೇಕರ್ ಎಂಬ ಕ್ರೈಸ್ತ ಪಂಥದವನು. ಮೌಂಟ್ ಹಾಲಿ ಎಂಬ ಸಣ್ಣ ಊರಿನ ಅಂಗಡಿಯಲ್ಲಿ ಗುಮಾಸ್ತನಾಗಿದ್ದಾಗ ಒಂದು ದಿನ ಯಜಮಾನ ಕರೆದು, ನಾನು ಒಬ್ಬ ಕಪ್ಪು ಹೆಂಗಸನ್ನು ಮಾರಿದ್ದೇನೆ, ಕ್ರಯಪತ್ರ ಬರೆ ಎಂದ. ಕೊಳ್ಳುವವನು ಅಲ್ಲೇ ಕಾಯುತ್ತಿದ್ದ, ಅವನೂ ಅದೇ ಪಂಥದ ವೃದ್ಧ. ವುಲ್ಮನ್ ಬರೆದುಕೊಟ್ಟ. ಮನಸ್ಸು ಒಪ್ಪದೆ, ಮನುಷ್ಯರನ್ನು ಗುಲಾಮರಾಗಿ ಇಟ್ಟುಕೊಳ್ಳುವುದು ಕ್ರೈಸ್ತ ಧರ್ಮಕ್ಕೆ ಹೊಂದುವುದಿಲ್ಲವೆಂದು ಇಬ್ಬರ ಎದುರೂ ಹೇಳಿದ, ಆದರೆ ಕ್ರಯಪತ್ರವಂತೂ ಆಗಿಹೋಗಿತ್ತು. ಮುಂದೆ ಅಂಥ ಕಾಗದ ಬರೆಯಲು ಯಾರು ಕೇಳಿದರೂ ಒಪ್ಪಲಿಲ್ಲ.

ಉಯಿಲು ಬರೆದುಕೊಡುವುದು ಅವನ ಉಪವೃತ್ತಿ. ಒಮ್ಮೆ ಪೆಟ್ಟು ಬಿದ್ದು ಮಲಗಿದ್ದ ನೆರೆಯವನೊಬ್ಬ ಕರೆಸಿ ಉಯಿಲು ಬರೆಯಲು ಹೇಳಿದ. ಆಸ್ತಿಯ ಪಟ್ಟಿಯಲ್ಲಿ ಒಬ್ಬಳು ಗುಲಾಮ ಹುಡುಗಿಯೂ ಇದ್ದಳು, ಯಾವ ಮಗುವಿಗೆ ಎಂಬುದೂ ನಿಶ್ಚಯವಾಗಿತ್ತು. ವುಲ್ಮನ್ ಉಳಿದದ್ದನ್ನೆಲ್ಲ ಬರೆದು, ಆ ಒಂದು ಕಲಮನ್ನು ಬಿಟ್ಟು, ಕಾಗದವನ್ನು ರೋಗಿಯ ಹಾಸಿಗೆಯ ಬಳಿ ಒಯ್ದ. ನಿಮ್ಮ ಕೆಲಸಕ್ಕೆ ಕೂಲಿ ಬೇಡ, ಆದರೆ ಇದನ್ನು ನಾನು ಬರೆಯಲಾರೆ ಎಂಬ ಅರ್ಥದಲ್ಲಿ ಸ್ನೇಹದಿಂದಲೇ ಹೇಳಿದ. ಇಬ್ಬರೂ ಕೂತು ಮಾತಾಡಿದರು. ಕೊನೆಗೆ ಆ ಮನುಷ್ಯ ಹುಡುಗಿಯನ್ನು ಬಿಡುಗಡೆ ಮಾಡಲು ಒಪ್ಪಿದ, ಉಯಿಲು ಪೂರ್ತಿಯಾಯಿತು. ಭಾಷಣವಿಲ್ಲ, ಪ್ರತಿಭಟನೆಯಿಲ್ಲ. ಒಂದು ಸಾಲನ್ನು ಬರೆಯದೆ ಬಿಟ್ಟದ್ದು ಅಷ್ಟೆ. ಗುಮಾಸ್ತಿಕೆಯಲ್ಲಿ ಬಾಳು ಕಳೆದ ನನ್ನಂಥವನಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇಡೀ ಸಭಾಚರಿತ್ರೆಯಲ್ಲಿ ಸಿಕ್ಕಿಲ್ಲ.

ಮುಂದೆ ಅವನು ತಾನೇ ನಡೆಸಿದ ಬಟ್ಟೆ ಅಂಗಡಿ ವರ್ಷದಿಂದ ವರ್ಷಕ್ಕೆ ಬೆಳೆಯಿತು. ನಾವಾದರೆ ದೇವರ ಆಶೀರ್ವಾದವೆಂದು ಸಾಕ್ಷಿ ಹೇಳುತ್ತಿದ್ದೆವು. ವುಲ್ಮನ್‌ಗೆ ಅದು ಹೊರೆ ಅನ್ನಿಸಿತು. 1756ರ ಹೊತ್ತಿಗೆ ಗಿರಾಕಿಗಳಿಗೆ ಬೇರೆ ಅಂಗಡಿ ನೋಡಿಕೊಳ್ಳಲು ಹೇಳಿ, ದರ್ಜಿ ಕೆಲಸ ಮತ್ತು ಸೇಬಿನ ಗಿಡಗಳ ತೋಟಕ್ಕೆ ಇಳಿದ. ದಕ್ಷಿಣದ ಪ್ರಾಂತಗಳಲ್ಲಿ ಸುವಾರ್ತೆಗಾಗಿ ತಿರುಗುವಾಗ ಗುಲಾಮರಿದ್ದ ಮನೆಗಳಲ್ಲಿ ಉಳಿಯಬೇಕಾಗುತ್ತಿತ್ತು. ಆತಿಥ್ಯಕ್ಕೆ ಹಣ ಕೊಡುವುದು ಆ ಕಾಲಕ್ಕೆ ಅವಮಾನ. ಆದರೂ ಹೊರಡುವಾಗ ಬೆಳ್ಳಿ ನಾಣ್ಯ ತೆಗೆದು, ಯಾರ ದುಡಿಮೆಯಿಂದ ತನಗೆ ಊಟ ಹಾಸಿಗೆ ಸಿಕ್ಕಿತೋ ಆ ಗುಲಾಮರಿಗೆ ಕೊಡುತ್ತಿದ್ದ, ಇಲ್ಲವೇ ಕೊಡುವಂತೆ ಮನೆಯವರ ಕೈಗೆ ಒಪ್ಪಿಸುತ್ತಿದ್ದ. ಬಣ್ಣ ಹಾಕಿದ ಬಟ್ಟೆ ಬಿಟ್ಟ. ಬಣ್ಣವಿಲ್ಲದ ತುಪ್ಪಳದ ಟೋಪಿ ಹಾಕಿಕೊಂಡಾಗ ಒಂದು ತಮಾಷೆಯಾಯಿತು. ಆಗ ಬಿಳಿ ಟೋಪಿ ಷೋಕಿಯವರ ಫ್ಯಾಷನ್ ಆಗಿತ್ತಂತೆ, ಇವನೂ ಷೋಕಿಗೆ ಬಿದ್ದನೆಂದು ಪಂಥದ ಗೆಳೆಯರು ದೂರ ಸರಿದರು! ಇದನ್ನೆಲ್ಲ ಅವನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. 1772ರಲ್ಲಿ ಇಂಗ್ಲೆಂಡಿಗೆ ಹೋದಾಗ ಹಡಗಿನಲ್ಲಿ ನಾವಿಕರ ನಡುವೆ ಕೆಳಗಿನ ಅಂತಸ್ತಿನಲ್ಲೇ ಪ್ರಯಾಣ ಮಾಡಿದ. ಕುದುರೆಗಳಿಗೂ ಸವಾರಿ ಹುಡುಗರಿಗೂ ಆಗುತ್ತಿದ್ದ ಹಿಂಸೆಯನ್ನು ಕೇಳಿ ಕೋಚ್ ಗಾಡಿ ಹತ್ತದೆ ನಡೆದೇ ಯಾರ್ಕ್ ತಲುಪಿದ. ಅಲ್ಲಿ ಸಿಡುಬು ತಗುಲಿ ಅಕ್ಟೋಬರ್ 7ರಂದು ತೀರಿಕೊಂಡ. ಅವನ ಪಂಥದ ಫಿಲಡೆಲ್ಫಿಯಾ ವಾರ್ಷಿಕ ಸಭೆ ಗುಲಾಮರನ್ನು ಇಟ್ಟುಕೊಳ್ಳುವ ಸದಸ್ಯರನ್ನು ಹೊರಗಿಡಲು ತೀರ್ಮಾನಿಸಿದ್ದು 1776ರಲ್ಲಿ, ಅವನು ಸತ್ತ ಮೇಲೆ.

ವುಲ್ಮನ್‌ನ ವಿಶೇಷವೇನೆಂದರೆ, ದೇವರು ಮೊದಲು ಎಂಬುದರ ಖರ್ಚನ್ನು ಬೇರೆಯವರ ಖಾತೆಗೆ ಹಾಕದಂತೆ ಅವನು ಪಟ್ಟ ಎಚ್ಚರ. ಅಷ್ಟೇ ಅಲ್ಲ, ತನ್ನ ಸುಖದ ಖರ್ಚು ಈಗಾಗಲೇ ಯಾರ ಖಾತೆಯಲ್ಲಿದೆ ಎಂದು ಹುಡುಕಿಕೊಂಡು ಹೋದ. ಅಂಗಡಿ ಮುಚ್ಚಿದ್ದಕ್ಕೆ ಹೆಂಡತಿ ಸಾರಾ ಏನೆಂದಳೋ ದಿನಚರಿ ಹೇಳುವುದಿಲ್ಲ. ಅದೊಂದು ಕೊರತೆಯೆಂದೇ ನಾನು ಗುರುತು ಹಾಕಿಕೊಂಡಿದ್ದೇನೆ.

ಈಗ ನಮ್ಮ ಊರಿಗೆ ಬರೋಣ. 1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದರು. ಮೊಗ್ಲಿಂಗ್ ಬಂದದ್ದು 1836ರಲ್ಲಿ. ಶಾಲೆ, ಅಚ್ಚುಕೂಟ, 1843ರ 'ಮಂಗಳೂರು ಸಮಾಚಾರ' ಪತ್ರಿಕೆ, ಕಿಟ್ಟೆಲ್ ನಿಘಂಟು, ಇವೆಲ್ಲ ನಿಮಗೆ ಬಾಯಿಪಾಠ, ದಾಟಿ ಹೋಗುತ್ತೇನೆ. ನಾನು ಹೇಳಬೇಕಾದದ್ದು ಹೆಸರಿಲ್ಲದ ಒಬ್ಬ ಮನುಷ್ಯನ ವಿಷಯ. ತುಳುನಾಡಿನಲ್ಲಿ ಈ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ. ಅವರಲ್ಲಿ ಅನೇಕರಿಗೆ ತಾಳೆ, ತೆಂಗಿನ ಮರ ಹತ್ತಿ ಕಳ್ಳು ಇಳಿಸುವ ಮೂರ್ತೆ ಕೆಲಸವೇ ಅನ್ನ. ಮಿಷನ್ನಿನವರು ದೀಕ್ಷಾಸ್ನಾನಕ್ಕೆ ಬಂದವನಿಗೆ ಹೇಳಿದರು: ಕಳ್ಳಿನ ಕೆಲಸ ಬಿಡಬೇಕು. ಆ ಮನುಷ್ಯ ಬಿಟ್ಟ. ದೇವರಿಗೆ ಮೊದಲ ಸ್ಥಾನ ಕೊಟ್ಟ. ಮರುದಿನ ಬೆಳಿಗ್ಗೆ ಎದ್ದರೆ ಹತ್ತಲು ಮರವಿಲ್ಲ. ತಾಯಿಯ ಕಡೆಯಿಂದ ಪಾಲು ಬರುವ ಅಳಿಯಕಟ್ಟಿನ ಮನೆಯಲ್ಲಿ ಪಾಲಿಲ್ಲ. ಧಣಿ ಗೇಣಿ ಬಿಡಿಸಿದರೆ ಕೇಳುವವರಿಲ್ಲ. ಜಾತಿಯವರ ಬಾವಿ, ಮದುವೆ, ಸಾವು ಯಾವುದಕ್ಕೂ ಅವನಿಲ್ಲ. ಧರ್ಮ ಬಿಟ್ಟವನ ಆಸ್ತಿಯ ಹಕ್ಕು ಹೋಗಬಾರದೆಂದು 1850ರಲ್ಲಿ ಕಂಪನಿ ಸರಕಾರ 21ನೆಯ ಕಾಯಿದೆ ತಂದಿತು ನಿಜ. ಕಾಯಿದೆ ಹಿಡಿದು ಕೋರ್ಟಿಗೆ ಹೋಗಲು ಅವನ ಹತ್ತಿರ ಏನಿತ್ತು?

ಇಲ್ಲಿ ಬಾಸೆಲ್ಲಿನವರಿಗೆ ಒಂದು ಆಯ್ಕೆಯಿತ್ತು. ದೇವರು ನೋಡಿಕೊಳ್ಳುತ್ತಾನೆ ಎಂದು ಪ್ರಾರ್ಥನೆ ಮಾಡಿ ಕಳಿಸಬಹುದಿತ್ತು. ಹಾಗೆ ಮಾಡಲಿಲ್ಲ. ಮೊದಲು ಜಮೀನು, ಸಣ್ಣಪುಟ್ಟ ಕಸುಬು ಎಂದು ಪ್ರಯತ್ನಿಸಿ ಕೈಸುಟ್ಟುಕೊಂಡರು. 1851ರಲ್ಲಿ ಹಾಲರ್ ಎಂಬ ನೇಯ್ಗೆ ಬಲ್ಲವರು ಬಂದು ಮಗ್ಗ ಹಾಕಿದರು. ಇಲ್ಲಿಯ ಖಾಕಿ ಬಟ್ಟೆಯ ಬಗ್ಗೆ ನಾವು ಹೆಮ್ಮೆಪಡುವುದುಂಟು. ಶಾಂತಿಯ ಸುವಾರ್ತೆಯ ಮಗ್ಗದಿಂದ ಸಿಪಾಯಿಯ ಬಟ್ಟೆ ಬಂತೆಂಬುದನ್ನು ಆ ಹೆಮ್ಮೆಯ ಜೊತೆಗೇ ನೆನೆಯಬೇಕು. ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನದೀತೀರದ ಜೇಡಿಮಣ್ಣು, ಕೆಲಸ ಕಳೆದುಕೊಂಡ ಜನ, ಎರಡೂ ಕೈಯಳತೆಯಲ್ಲಿದ್ದವು. ಮಂಗಳೂರು ಹೆಂಚಿನ ಹೆಸರು ದೇಶವಿದೇಶ ಮುಟ್ಟಿದ ಕಥೆಯನ್ನು ಉದ್ಯಮದ ಚರಿತ್ರೆಯಾಗಿ ಬರೆದವರಿದ್ದಾರೆ. ನಾನು ಅದನ್ನು ಒಂದು ಸಾಲ ತೀರಿಸಿದ ಕಥೆಯಾಗಿ ಓದುತ್ತೇನೆ. ಮರ ಹತ್ತುವವನಿಂದ ಸಭೆ ಒಂದು ತ್ಯಾಗ ಕೇಳಿತು, ಆಮೇಲೆ ಆ ಖರ್ಚಿಗೆ ತಾನೂ ಹೆಗಲು ಕೊಟ್ಟಿತು.

ಪೂರ್ತಿ ತೀರಿತೇ ಎಂದು ಕೇಳಿದರೆ ಇಲ್ಲ. ಕೆಲಸ ಕೊಡುವವರೂ, ಇರಲು ಜಾಗ ಕೊಡುವವರೂ, ಕರ್ತನ ಭೋಜನ ಕೊಡುವವರೂ ಒಂದೇ ಮಿಷನ್ ಆದಾಗ ಮನುಷ್ಯ ಮನಸ್ಸು ಬಿಚ್ಚಿ ಇಲ್ಲ ಅನ್ನುವುದು ಕಷ್ಟ. ಕುಡಿದ ಸುದ್ದಿ ಸಭಾಪಾಲಕರಿಗೆ ಮುಟ್ಟಿದರೆ ಅದು ಕೂಲಿಯ ಪ್ರಶ್ನೆಯೂ ಆಗುತ್ತಿತ್ತು. ಮಿಷನ್ ವ್ಯಾಪಾರ ಮಾಡಬಹುದೇ ಎಂಬ ಜಗಳ ಬಾಸೆಲ್ಲಿನಲ್ಲೇ ನಡೆದಿತ್ತು. ಮೊದಲ ಮಹಾಯುದ್ಧ ಬಂದಾಗ ಇಂಗ್ಲಿಷರ ಸರಕಾರ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಇವನ್ನೆಲ್ಲ ಲೆಕ್ಕಕ್ಕೆ ಹಿಡಿದರೂ, ತ್ಯಾಗ ಕೇಳಿ ಕೈತೊಳೆದುಕೊಂಡ ಸಭೆಗಳಿಗಿಂತ ಬಾಸೆಲ್ಲಿನವರು ದೊಡ್ಡವರು ಎಂಬುದು ನನ್ನ ತೀರ್ಪು.

ಆದರೆ ಹೆಂಚು ಮುಚ್ಚಲಾರದ ಒಂದು ಖರ್ಚಿತ್ತು. ಗಂಡ ಕ್ರೈಸ್ತನಾದ, ಹೆಂಡತಿ ಬರಲಿಲ್ಲ, ಅಥವಾ ತವರಿನವರು ಬಿಡಲಿಲ್ಲ. ಇಂಥ ಸಂಸಾರಗಳು ಎಷ್ಟಿದ್ದವೆಂದರೆ ಅವಕ್ಕಾಗಿ ಒಂದು ಕಾನೂನೇ ಬೇಕಾಯಿತು. 1866ರ ಕಾಯಿದೆಯ ಪ್ರಕಾರ, ಮತಾಂತರದ ಕಾರಣಕ್ಕೇ ಸಂಗಾತಿ ಕೂಡಿ ಬಾಳಲು ಒಪ್ಪದಿದ್ದರೆ ಕ್ರೈಸ್ತನಾದವನು ಕೋರ್ಟಿಗೆ ಹೋಗಿ ಮದುವೆ ಬಿಡಿಸಿಕೊಳ್ಳಬಹುದಿತ್ತು. ನ್ಯಾಯಾಧೀಶರು ಆ ಹೆಂಗಸನ್ನು ಕರೆಸಿ ಕೇಳಬೇಕಿತ್ತು, ಮನಸ್ಸು ಬದಲಾದೀತೆಂದು ಒಂದು ವರ್ಷ ಮುಂದೂಡಬೇಕಿತ್ತು. ನಮ್ಮ ಸಭಾಚರಿತ್ರೆಗಳಲ್ಲಿ ಆ ಗಂಡಸರ ಸಾಕ್ಷಿಗಳು ಅಚ್ಚಾಗಿವೆ. ಆ ವರ್ಷವಿಡೀ ಕಾದ ಹೆಂಗಸಿನ ಮಾತನ್ನು ಬರೆದಿಟ್ಟವರು ತೀರ ಕಡಿಮೆ. ಕ್ರಿಸ್ತನನ್ನು ಹಿಂಬಾಲಿಸುವವನು ಮನೆಮಂದಿಯನ್ನೂ ಬಿಡಬೇಕಾಗಬಹುದೆಂದು ಸುವಾರ್ತೆಯೇ ಹೇಳುತ್ತದೆ, ಅದನ್ನು ನಾನು ಮರೆಮಾಚುವುದಿಲ್ಲ. ಬಿಟ್ಟವನ ಜೊತೆಗೆ, ಬಿಡಿಸಿಕೊಂಡವಳ ಖರ್ಚನ್ನೂ ಒಂದು ಬಾಬ್ತಾಗಿ ಬರೆಯಬೇಕಿತ್ತು ಎನ್ನುತ್ತೇನೆ.

ಇನ್ನು ಇವತ್ತಿನ ಲೆಕ್ಕ. ಭಾನುವಾರ ಆರಾಧನೆಗೆ ಮೊದಲ ಸ್ಥಾನ ಎಂದು ಮನೆಮಂದಿಯೆಲ್ಲ ಸಿದ್ಧರಾಗಿ ಹೊರಡುತ್ತೇವೆ. ಬರುವ ಹೊತ್ತಿಗೆ ಊಟ ತಯಾರಿರಬೇಕು, ನೆಂಟರೂ ಬರುವವರಿದ್ದಾರೆ. ಮನೆಗೆಲಸದಾಕೆ ಆ ದಿನ ಸ್ವಲ್ಪ ಬೇಗ ಬರಬೇಕು, ತಡವಾಗಿ ಹೋಗಬೇಕು. ಚರ್ಚಿನ ಹೊರಗೆ ಕಾರಿನಲ್ಲಿ ಡ್ರೈವರ್ ಕಾಯುತ್ತಿರುತ್ತಾನೆ. ಸಬ್ಬತ್ತಿನ ಆಜ್ಞೆಯನ್ನು ಪೂರ್ತಿ ಓದಿ ನೋಡಿ. ವಿಶ್ರಾಂತಿ ನಿನಗೆ ಮಾತ್ರವಲ್ಲ, ನಿನ್ನ ಆಳಿಗೆ, ಕೆಲಸದವಳಿಗೆ, ಎತ್ತಿಗೆ, ಕತ್ತೆಗೆ, ನಿನ್ನ ಊರಲ್ಲಿರುವ ಪರದೇಶಿಗೆ ಎಂದು ಧರ್ಮೋಪದೇಶಕಾಂಡ ಒಬ್ಬೊಬ್ಬರನ್ನೂ ಹೆಸರಿಸುತ್ತದೆ. ಅವರ ಖಾತೆಯಿಂದ ತೆಗೆದು ನಾವು ದೇವರಿಗೆ ಕೊಟ್ಟ ಭಾನುವಾರಕ್ಕೆ ಮಾರ್ಕ ಏಳರ ಯೇಸು ಏನೆಂದಾರು?

ದಶಮಾಂಶದ ವಿಷಯವೂ ಹೀಗೇ. ಸಾಲ ಕೊಟ್ಟವನಿಗೆ ಬಡ್ಡಿ ಕಟ್ಟದೆ, ಕೆಲಸದವರ ಸಂಬಳ ಮುಂದೂಡಿ ಕೊಟ್ಟ ಹತ್ತನೆಯ ಪಾಲಿಗೆ ಹೆಸರು ಬೇರೆ ಇದೆ. ಹಳೆಯ ಒಡಂಬಡಿಕೆಯಲ್ಲಿ ಬೆಳೆಯ ಪ್ರಥಮಫಲವನ್ನು ಬುಟ್ಟಿಯಲ್ಲಿ ತಂದು ಯಜ್ಞವೇದಿಯ ಮುಂದಿಟ್ಟವನು ಆಮೇಲೆ ಲೇವಿಯನ, ಪರದೇಶಿಯ ಜೊತೆ ಕೂತು ಸಂತೋಷಪಡಬೇಕಿತ್ತು. ಮೂರನೆಯ ವರ್ಷದ ದಶಮಾಂಶವನ್ನು ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಊರಲ್ಲೇ ತಿಂದು ತೃಪ್ತರಾಗಬೇಕಿತ್ತು. ದೇವರಿಗೆಂದು ತೆಗೆದ ಮೊದಲ ಪಾಲು ಬಡವರ ತಟ್ಟೆಗೆ ಬರುತ್ತಿತ್ತು. ನಮ್ಮ ಕರಾವಳಿಯ ಕೆಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಆಶೀರ್ವಾದ ಮಾಡಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು ಎಲ್ಲರೂ ಹಂಚಿ ತಿನ್ನುತ್ತಾರೆ, ದೂರದೂರಿನಲ್ಲಿರುವ ಮಕ್ಕಳಿಗೆ ಲಕೋಟೆಯಲ್ಲಿ ಹಾಕಿ ಅಂಚೆಗೂ ಕೊಡುತ್ತಾರೆ. ಅದೇ ರೀತಿಯ ಲೆಕ್ಕ ಅದು.

ಸರೆಪ್ತದ ವಿಧವೆಯ ಕಥೆಯನ್ನು ಹಿಡಿದು ಹಣ ಕೇಳುವ ಪ್ರಸಂಗಿಗಳಿದ್ದಾರೆ. ಮನೆಯಲ್ಲಿ ಉಳಿದದ್ದು ಒಂದು ಹಿಡಿ ಹಿಟ್ಟು, ಆದರೂ ಮೊದಲು ಪ್ರವಾದಿ ಎಲೀಯನಿಗೆ ರೊಟ್ಟಿ ಸುಟ್ಟುಕೊಟ್ಟಳು, ನೀವೂ ಹಾಗೇ ಕೊಡಿ ಎನ್ನುತ್ತಾರೆ. ಎಲೀಯ ರೊಟ್ಟಿ ತಿಂದು ಮುಂದಿನ ಊರಿಗೆ ಹೋಗಲಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅವಳ ಮನೆಯಲ್ಲೇ ಉಳಿದ, ಬರಗಾಲವನ್ನು ಅವಳ ಜೊತೆ ಕಳೆದ, ಅವಳ ಮಗ ಸತ್ತಾಗ ಆ ಮಗುವನ್ನು ಎತ್ತಿಕೊಂಡು ದೇವರಿಗೆ ಮೊರೆಯಿಟ್ಟ. ಕೊನೆಯ ಹಿಟ್ಟನ್ನು ಕೇಳುವ ಹಕ್ಕು ಅಷ್ಟು ಕಾಲ ಜೊತೆಗೆ ಉಪವಾಸಕ್ಕೆ ಸಿದ್ಧವಿದ್ದವನಿಗೆ ಮಾತ್ರ.

ಹಾಗಾದರೆ ತೀರ್ಮಾನ ಮಾಡುವುದು ಹೇಗೆ ಎಂದು ಯುವಕರು ಕೇಳಬಹುದು. ಪ್ರಾರ್ಥಿಸಿ, ವಾಕ್ಯ ಓದಿ. ಇದು ನಿಮಗೆ ಗೊತ್ತೇ ಇದೆ. ನಾನು ಸೇರಿಸುವುದು ಒಂದೇ: ಖರ್ಚು ಯಾರ ಮೇಲೆ ಬೀಳುತ್ತದೋ ಅವರನ್ನು ಕೂರಿಸಿಕೊಂಡು ತೀರ್ಮಾನಿಸಿ. ಅನ್ಯಜನರಲ್ಲಿ ನಂಬಿದವರು ಸುನ್ನತಿ ಮಾಡಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಬಂದಾಗ ಯೆರೂಸಲೇಮಿನ ಅಪೊಸ್ತಲರು, ತಮ್ಮ ಬಳಿಗೆ ಬಂದ ಪೌಲ ಬಾರ್ನಬರಿಂದ ಅನ್ಯಜನರ ನಡುವೆ ನಡೆದದ್ದನ್ನೆಲ್ಲ ಕೇಳಿದ ಮೇಲೆ, ಆ ಜನರ ಮೇಲೆ ಹೆಚ್ಚಿನ ಹೊರೆ ಹಾಕುವುದಿಲ್ಲವೆಂದು ನಿಶ್ಚಯಿಸಿದರು. ವುಲ್ಮನ್ ಕೂಡ ದೂರ ಹೊರಡುವ ಮೊದಲು ತನ್ನ ಸಭೆಯ ಒಪ್ಪಿಗೆಪತ್ರ ತೆಗೆದುಕೊಳ್ಳುತ್ತಿದ್ದ. ದೇವರು ನನಗೆ ಹೇಳಿದನು ಎಂದು ಒಬ್ಬನೇ ಎದ್ದು ನಿಂತು, ಹೆಂಡತಿ ಮಕ್ಕಳಿಗೆ ಸುದ್ದಿ ಮಾತ್ರ ತಿಳಿಸುವ ಗಂಡಸರನ್ನು ನಮ್ಮ ಸಭೆಗಳಲ್ಲಿ ಬೇಕಾದಷ್ಟು ಕಂಡಿದ್ದೇವೆ.

ಕಡೆಯದಾಗಿ ನಮ್ಮ ಸಭಾಸಮಿತಿಗಳಿಗೆ ಒಂದು ಬೇಡಿಕೆ. ಸುಳ್ಳು ಬಿಲ್ಲಿಗೆ ಸಹಿ ಹಾಕಲಾರೆ ಎಂದು ಕೆಲಸ ಕಳೆದುಕೊಂಡ ಹುಡುಗ, ವರದಕ್ಷಿಣೆ ಕೇಳಿದ ಮನೆಗೆ ಹೋಗಲಾರೆ ಎಂದು ಮದುವೆ ನಿಲ್ಲಿಸಿದ ಹುಡುಗಿ, ಬಾರಿನ ಕೆಲಸ ಬಿಟ್ಟು ಬಂದ ಸಂಸಾರಸ್ಥ ನಮ್ಮ ಬೆಂಚುಗಳಲ್ಲೇ ಇದ್ದಾರೆ. ಅವರ ಸಾಕ್ಷಿ ಕೇಳಿ ನಾವು ಆಮೆನ್ ಎನ್ನುತ್ತೇವೆ, ಆಮೇಲೆ ಕಾಫಿಗೆ ಹೋಗುತ್ತೇವೆ. ವಾರ್ಷಿಕ ಬಜೆಟ್ಟಿನಲ್ಲಿ ಬಣ್ಣ ಬಳಿಯುವುದಕ್ಕೆ, ಧ್ವನಿವರ್ಧಕಕ್ಕೆ, ಹಬ್ಬದ ದೀಪಾಲಂಕಾರಕ್ಕೆ ಬಾಬ್ತುಗಳಿವೆ. ಮನಸ್ಸಾಕ್ಷಿಗಾಗಿ ಜೀವನೋಪಾಯ ಕಳೆದುಕೊಂಡವರಿಗೆ ಆರು ತಿಂಗಳ ಮನೆಖರ್ಚು ಕೊಡುವ ಬಾಬ್ತು ಒಂದನ್ನು ಮುಂದಿನ ಮಹಾಸಭೆಯಲ್ಲಿ ಸೇರಿಸಿ. ಅಲ್ಲಿಯತನಕ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ: ನಿಮ್ಮ ಮನೆಯಲ್ಲಿ ಕೆಲಸ ಮಾಡುವವರಿಗೆ ಬರುವ ಭಾನುವಾರದಿಂದಲೇ ಸಂಬಳ ಹಿಡಿಯದೆ ರಜೆ ಕೊಡಿ. ಆ ದಿನ ಅಡುಗೆಯನ್ನು ನಾವೇ ಮಾಡಿಕೊಳ್ಳೋಣ. ಗಂಡಸರೂ ಸೇರಿ.